ಗೋಧಿ ತಾತನ ಕೊನೆಯ ಬೆಳೆ

“ತಾತ ಹೋಗಿಬಿಟ್ರು...”

ಹೊಲದ ಬದುವಿನ ಮೇಲೆ ನಿಂತು ಮೊಮ್ಮಗಳು ಅಷ್ಟೇ ಹೇಳಿದಳು. ಹೊಸ ಮೇಲ್ವಿಚಾರಕನ ಕೈಯಿಂದ ಗೋಧಿಯ ಚೀಲ ಜಾರಿ ಕಾಲುವೆಯ ಕೆಸರಿಗೆ ಬಿತ್ತು. ಮರುಕ್ಷಣವೇ ಅವನು ಗೊಳೋ ಎಂದು ಅತ್ತ!

ಇದೇನಿದು! ತಾತನನ್ನು ಕಳೆದುಕೊಂಡವಳು ನಾನು, ಸಮಾಧಾನ ಮಾಡಬೇಕಾದವಳೂ ನಾನೇ?

“ಅಳಬೇಡ್ರೀ... ತಗೊಳ್ಳಿ, ಕಣ್ಣೊರೆಸ್ಕೊಳ್ಳಿ.”

“ನಂಗೆ ಕೆಲಸ ಕಲಿಸಿದ್ದೇ ಅವರು, ಮೇಡಂ!”

ಅವನು ಅವಳ ಕರವಸ್ತ್ರದಲ್ಲಿ ಮೂಗನ್ನೂ ಒರೆಸಿಕೊಂಡು ಹಿಂದಿರುಗಿಸಲು ಬಂದ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಆದರೂ ಆ ಅಳುಮುಖ ಅವಳ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಆ ಸಂಶೋಧನಾ ಹೊಲವೇ ತಾತನ ಪ್ರಾಣವಾಗಿತ್ತು. ಮಣ್ಣಿನಲ್ಲಿ ಸತು, ಅಂದರೆ ಜಿಂಕ್, ಇದ್ದು ಯೂರಿಯಾ ಹದವಾಗಿ ಸಿಕ್ಕರೆ ಗೋಧಿಯಲ್ಲಿ ಪ್ರೋಟೀನು ಹೆಚ್ಚುತ್ತದೆ, ಅದರ ಬೆನ್ನಿಗೇ ಸತುವೂ ಕಾಳಿಗೆ ಏರುತ್ತದೆ ಎಂದು ತೋರಿಸುವುದೇ ಅವರ ಕೊನೆಯ ಪ್ರಯೋಗ. ಕಾಳನ್ನು ಪರೀಕ್ಷಿಸುವ ಕೆಲಸ ಪ್ರಯೋಗಾಲಯದಲ್ಲಿದ್ದ ಈ ಮೊಮ್ಮಗಳದು.

ಕೆಲಸಕ್ಕೆ ಮರಳಿದವಳು ಫಲಿತಾಂಶ ನೋಡಿ ಬೆಚ್ಚಿದಳು. ಯೂರಿಯಾ ಕಾಣದ ತಾಕಿನ ಗೋಧಿಯಲ್ಲೇ ಎಲ್ಲಕ್ಕಿಂತ ಹೆಚ್ಚು ಸತು!

“ಹೀಗಾದ್ರೆ ಈ ಪ್ರಯೋಗ ಕಸದ ಬುಟ್ಟಿಗೇ ಸರಿ,” ಎಂದರು ಸಂಶೋಧನಾ ಕೇಂದ್ರದ ನಿರ್ದೇಶಕರು.

ಅವಳು ಮೇಲ್ವಿಚಾರಕನಿದ್ದ ಉಗ್ರಾಣಕ್ಕೆ ನುಗ್ಗಿದಳು.

“ಚೀಲ ಅದಲುಬದಲು ಮಾಡಿದ್ರಾ?”

“ದೇವರಾಣೆ ಇಲ್ಲ! ಯೂರಿಯಾ ಹಾಕದ ತಾಕಿಂದು ಅವತ್ತು ಕೆಸರಿಗೆ ಬಿತ್ತಲ್ಲ, ಅದೇ ಚೀಲ. ತಾತನ ಕೊನೇ ಬೆಳೆ ಕೊಳಕಾಗಿರಬಾರದು ಅಂತ ತೊಳೆದು, ಒಣಗಿಸಿ ಕೊಟ್ಟೆ.”

“ಯಾತರಲ್ಲಿ ತೊಳೆದ್ರಿ?”

“ತಾತನ ಬಕೆಟ್‌ನಲ್ಲಿ. ಕೊಳೆ ಬಿಡಲಿ ಅಂತ ನಿಂಬೆಹಣ್ಣು ಹಿಂಡಿ ನೆನೆಹಾಕಿದ್ದೆ. ಘಮಘಮ ಅಂತಿತ್ತು, ಮೇಡಂ!”

ಅವಳು ಮೂಲೆಯತ್ತ ತಿರುಗಿದಳು. ತಾತನ ಹಳೆಯ ತಗಡಿನ ಬಕೆಟ್... ತುಕ್ಕು ಹಿಡಿಯದಿರಲೆಂದು ಮೈತುಂಬ ಸತು ಬಳಿದದ್ದು!

“ಅಯ್ಯೋ ಮಹಾನುಭಾವರೇ! ನಾನು ಅಳೆದದ್ದು ಬಕೆಟ್ಟಿನ ಸತು! ಹುಳಿಗೆ ಕರಗಿ ಕಾಳಿಗೆ ಇಳಿದಿದೆ!”

ಅವನ ಮುಖ ಬಿಳಿಚಿತು. “ತಾತನ ಪ್ರಯೋಗ... ನಾನೇ ಹಾಳು ಮಾಡಿದ್ನಾ?”

ಅವಳಿಗೆ ಕೋಪ ಬರಬೇಕಿತ್ತು. ನಗು ಬಂತು! ತಾತ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಅದೇ ತಾಕಿನ ಕಾಳು ಬೀಜದ ಡಬ್ಬಿಯಲ್ಲಿ ತೊಳೆಯದೆ ಉಳಿದಿತ್ತು. ಇಬ್ಬರೂ ಯಂತ್ರದ ಮುಂದೆ ಉಸಿರು ಬಿಗಿಹಿಡಿದು ಕುಳಿತರು. ಈ ಸಲ ಆ ಕಾಳಿನ ಸತು ಎಲ್ಲಕ್ಕಿಂತ ಕೆಳಗೆ ಬಂತು. ಹದವಾಗಿ ಯೂರಿಯಾ ಉಂಡ ಗೋಧಿಯೇ ಮುಂದೆ! ನಿರ್ದೇಶಕರು ಕನ್ನಡಕ ತೆಗೆದು ಒಪ್ಪಿಕೊಂಡರು. ತಾತ ಗೆದ್ದಿದ್ದರು.

ಸಂಜೆ ಅವನು ತಡವರಿಸುತ್ತ ಬಂದ.

“ನಿಮ್ಮ ಕರವಸ್ತ್ರ... ಒಗೆದು ಇಟ್ಟಿದ್ದೀನಿ. ಕೊಡೋಕೆ ಮನಸ್ಸೇ ಬರ್ತಿಲ್ಲ.”

“ಆ ಬಕೆಟ್‌ನಲ್ಲೇ ಒಗೆದ್ರಾ?”

“...ಹೂಂ.”

“ಹಾಗಾದ್ರೆ ನೀವೇ ಇಟ್ಕೊಳ್ಳಿ. ಜೊತೆಗೆ... ನನ್ನನ್ನೂ.”

“ಜೋಪಾನವಾಗಿ ಇಟ್ಕೋತೀನಿ. ತೊಳೆಯೋಕೆ ಮಾತ್ರ ಹೋಗಲ್ಲ!”

ತಾತ ದಿನವೂ ನಿಲ್ಲುತ್ತಿದ್ದ ಬದುವಿನ ಮೇಲೆ ಇಬ್ಬರೂ ಕೈಮುಗಿದು ನಿಂತರು.

“ದೇವರೇ, ಬಾಳೆಲ್ಲ ಪರರ ಅನ್ನಕ್ಕೆ ಸತ್ವ ತುಂಬಲು ದುಡಿದ ಜೀವ ಇದು. ನಿನ್ನ ನೆರಳಿನಲ್ಲಿ ದಣಿವಾರಿಸಿಕೊಳ್ಳಲಿ. ಅವರ ಆತ್ಮಕ್ಕೆ ಶಾಂತಿ ಕೊಡು.”