ಉಲ್ಕೆಯ ಎರಡು ಎಡಗಾಲು

"ಮಾತು ಬಾಯಿಂದ ಬರುತ್ತೋ, ಕಾಲಿಂದ ಬರುತ್ತೋ? ಅಷ್ಟಾದರೂ ಗೊತ್ತೇನ್ರೀ ನಿಮಗೆ?"

ಹಾಳೆಯನ್ನು ಅವನು ಅವಳ ಮೇಜಿನ ಮೇಲೆ ಬಡಿದ. ಶಾಯಿ ಬಾಟಲಿ ಅಲುಗಾಡಿತು.

ಅವನು ಈ ಕಾಮಿಕ್ಸ್ ಆಫೀಸಿಗೆ ಸೇರಿ ತಿಂಗಳಾಗಿತ್ತು. ಮೇಲಿನ ಮಹಡಿಯಲ್ಲಿ ಕೂತು ಉಲ್ಕೆ ಎಂಬ ವೀರನಾರಿಯ ಕಥೆಗೆ ಚಿತ್ರ ಬಿಡಿಸುತ್ತಿದ್ದ. ಕೆಳಗೆ ಅವಳು ಆ ಚಿತ್ರಗಳ ಮೇಲೆ ಮಾತಿನ ಬಲೂನು ಇಟ್ಟು ಅಕ್ಷರ ತುಂಬುತ್ತಿದ್ದಳು. ಇಬ್ಬರೂ ಎದುರುಬದುರು ಮಾತಾಡಿದ್ದು ಇದೇ ಮೊದಲು. ಆಫೀಸಿನವರು ಅವನಿಗೆ ಇಟ್ಟ ಹೆಸರು ದೂರ್ವಾಸ. ಯಾಕೆಂದು ಅವಳಿಗೆ ಈಗ ಗೊತ್ತಾಯಿತು.

"ಉಲ್ಕೆ ಕಾಲ ಮೇಲೆ ಬಲೂನು ಇಟ್ಟಿದ್ದೀರಿ. ನಿದ್ದೆಗೆಟ್ಟು ಬಿಡಿಸಿದ ಚಿತ್ರ ಅದು."

"ಬೇಕಂತಲೇ ಇಟ್ಟೆ," ಎಂದಳು ಅವಳು.

"ಯಾಕೆ, ಹೊಟ್ಟೆಕಿಚ್ಚಾ?"

ಅವಳ ಮೈಯೆಲ್ಲ ಉರಿದುಹೋಯಿತು. ಹೊಟ್ಟೆಕಿಚ್ಚಂತೆ... ಇವನ ಒಂದೊಂದು ಗೆರೆಗೂ ಮನಸೋತು, ಬಲೂನು ಎಲ್ಲಿ ಇಟ್ಟರೆ ಚಿತ್ರಕ್ಕೆ ನೋವಾಗುತ್ತದೋ ಎಂದು ಹೆದರಿ ಕೂರುತ್ತಿದ್ದವಳಿಗೆ ಈ ಮಾತು!

ಗಲಾಟೆ ಕೇಳಿ ಸಂಪಾದಕಿ ಹೊರಗೆ ಬಂದರು. ಹಾಳೆ ನೋಡಿದರು.

"ಬಲೂನು ಮೇಲಕ್ಕೆ ಹಾಕಮ್ಮ. ಸಂಜೆ ಪ್ರಿಂಟಿಗೆ ಹೋಗಬೇಕು. ಆಗಲ್ಲ ಅಂದ್ರೆ ಈಗಲೇ ಹೇಳು, ಬೇರೆಯವರಿಂದ ಮಾಡಿಸ್ತೀನಿ. ನಿನ್ನ ಕೆಲಸದ ಬಗ್ಗೆ ಆಮೇಲೆ ಮಾತಾಡೋಣ."

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ಬಾಯಿ ಬಿಟ್ಟಿದ್ದರೆ ಅವನ ಮಾನ ಅಲ್ಲೇ ಹರಾಜಾಗುತ್ತಿತ್ತು. ಇದು ಅವನ ಹೆಸರಿನಲ್ಲಿ ಬರುತ್ತಿದ್ದ ಮೊದಲ ಪುಸ್ತಕ. ಅವಳು ತುಟಿ ಕಚ್ಚಿಕೊಂಡು ಸುಮ್ಮನಾದಳು.

ಆದರೆ ಸುಮ್ಮನಿರುವ ಜಾತಿಯಲ್ಲ ನಮ್ಮ ಹುಡುಗಿ. ಅವನು ಮೇಲೆ ಹೋಗುತ್ತಲೇ ಡ್ರಾಯರ್‌ನಿಂದ ಒಂದು ಹಳೆಯ ಕಾಮಿಕ್ಸ್ ತೆಗೆದುಕೊಂಡು ಹಿಂದೆಯೇ ಹತ್ತಿದಳು. ಬಾಗಿಲು ಹಾಕಿದಳು. ಪುಸ್ತಕ ಬಿಚ್ಚಿ ಅವನ ಮುಂದೆ ಎಸೆದಳು.

"ನೋಡಿ. ಕಣ್ಣು ಬಿಟ್ಟು ನೋಡಿ."

ಅದು ಉಲ್ಕೆಯ ಕಥೆಯ ಹಳೆಯ ಸಂಚಿಕೆ. ಆಕಾಶದಿಂದ ಧುಮುಕಿ ಜನರನ್ನು ಕಾಪಾಡುವ ಆ ವೀರನಾರಿಯನ್ನು ಮೊದಲು ಬಿಡಿಸಿದ ಹಿರಿಯ ಕಲಾವಿದರು ಈಗಿಲ್ಲ. ಪುಟದಲ್ಲಿ ಉಲ್ಕೆ ಕುಸಿದ ಗೋಡೆಯನ್ನು ಬೆನ್ನ ಮೇಲೆ ಹೊತ್ತು ನಿಂತಿದ್ದಳು. ಅವನ ಚಿತ್ರದಲ್ಲೂ ಹಾಗೆಯೇ ನಿಂತಿದ್ದಳು. ಅದೇ ಬಾಗು, ಅದೇ ಹರಿದ ಅಂಗಿತೋಳು.

"ಅವಸರದಲ್ಲಿ ಅವರು ಎರಡೂ ಕಾಲಿಗೆ ಎಡಗಾಲಿನ ಬೂಟು ಬಿಡಿಸಿಬಿಟ್ಟಿದ್ರು. ನಿಮ್ಮ ಉಲ್ಕೆಗೂ ಎರಡೂ ಎಡಗಾಲೇ. ಯಾರಿಗೂ ಕಾಣದಿರಲಿ ಅಂತಲೇ ಬಲೂನು ಅಲ್ಲಿಟ್ಟೆ. ಕದಿಯೋವಾಗ ತಪ್ಪನ್ನಾದ್ರೂ ಬಿಡಬಾರದಿತ್ತಾ?"

ಅವನ ಮುಖ ಬಿಳಿಚಿಕೊಂಡಿತು.

"ನಾನೂ ನಮ್ಮಕ್ಕನೂ ಕಿತ್ತಾಡಿಕೊಂಡು ಓದಿದ ಪುಸ್ತಕ ಇದು. ಆಕಾಶದಲ್ಲಿ ಹಾರೋ ವೀರರ ಬೂಟಿಗೂ ಕೆಸರು ಹಚ್ಚಿದವರು ಅವರೊಬ್ಬರೇ. ಜಗತ್ತು ಕಾಪಾಡಿ ಬಂದ ಮೇಲೆ ಉಲ್ಕೆ ಮೆಟ್ಟಿಲ ಮೇಲೆ ಕೂತು ಕಾಲು ಒತ್ತಿಕೊಳ್ತಿದ್ದಳು, ಗೊತ್ತಾ? ಅಂಥವರದ್ದನ್ನ..." ಅವಳು ಪುಟದ ಮೇಲೆ ಬೆರಳು ಕುಟ್ಟಿದಳು. "ನಿಮ್ಮನ್ನ ಎಷ್ಟು ದೊಡ್ಡವರು ಅಂದುಕೊಂಡಿದ್ದೆ."

ಅವನು ಪುಟವನ್ನು ಮೆಲ್ಲಗೆ ಮುಟ್ಟಿದ.

"ನಾನು ಕದ್ದಿಲ್ಲ," ಎಂದ. "ಈ ಪುಸ್ತಕ ನನ್ನ ಹತ್ರನೂ ಇತ್ತು. ಓದೋದು ಬಿಟ್ಟು ಇದನ್ನೇ ನೋಡ್ತೀಯ ಅಂತ ಅಪ್ಪ ಹರಿದುಹಾಕಿದ್ರು. ಅವತ್ತಿಂದ ಮರೆತುಹೋಗಬಾರದು ಅಂತ ನೆನಪಲ್ಲೇ ಬಿಡಿಸ್ತಾ ಬಂದೆ. ಶಾಲೆ ಬೆಂಚಿನ ಮೇಲೆ, ಬಸ್ ಟಿಕೆಟ್ ಹಿಂದೆ... ಕೈಗೆ ಅದೇ ಕೂತುಬಿಟ್ಟಿದೆ. ಇದು ನನ್ನದೇ ಅಂದುಕೊಂಡಿದ್ದೆ ಕಣ್ರೀ."

ಅವಳ ಸಿಟ್ಟಿಗೆ ನಿಲ್ಲಲು ಜಾಗವೇ ಸಿಗಲಿಲ್ಲ. ಅಷ್ಟು ಪ್ರೀತಿಸಿದವನು ಕಳ್ಳ ಹೇಗಾದಾನು?

"ಕೆಳಗೆ ಎಲ್ಲರ ಮುಂದೆ ಯಾಕೆ ಹೇಳಲಿಲ್ಲ?" ಅವನೇ ಈಗ ಸಿಡುಕಿದ. "ಕೆಲಸ ಹೋಗ್ತಿತ್ತಲ್ಲ ನಿಮ್ಮದು."

"ಹೇಳಿದ್ರೆ ನಿಮ್ಮ ಹೆಸರು ಹೋಗ್ತಿತ್ತು. ಅದು ನನಗೆ ಬೇಕಿರಲಿಲ್ಲ."

"ಯಾಕೆ?"

"ಅದನ್ನೂ ಬಲೂನಿನಲ್ಲಿ ಬರೆದು ತೋರಿಸ್ಬೇಕಾ?"

ಅಂದವಳೇ ದಡದಡ ಮೆಟ್ಟಿಲಿಳಿದಳು. ಕಿವಿ ಕೆಂಪಾಗಿತ್ತು. ಥೂ, ಏನಂದುಬಿಟ್ಟೆ...

ಅವನು ಸಂಪಾದಕಿಯ ಬಳಿ ತಾನೇ ಹೋಗಿ, ತಪ್ಪು ತನ್ನದೆಂದ. ಹಳೆಯ ಪುಸ್ತಕ ಮುಂದಿಟ್ಟು ನಡೆದದ್ದೆಲ್ಲ ಹೇಳಿದ. ಚೆನ್ನಾಗಿ ಬೈಸಿಕೊಂಡ. ಪ್ರಿಂಟು ಮರುದಿನಕ್ಕೆ ಹೋಯಿತು.

ಬೆಳಿಗ್ಗೆ ಅವಳ ಮೇಜಿನ ಮೇಲೆ ಹೊಸ ಹಾಳೆ ಇತ್ತು. ಈ ಉಲ್ಕೆ ಬೇರೆಯವಳು. ಗೋಡೆ ಹೊತ್ತು ನಿಂತಿರಲಿಲ್ಲ. ಮಂಡಿಯೂರಿ, ಹಲ್ಲು ಕಚ್ಚಿ, ಅದನ್ನು ದೂಡುತ್ತಿದ್ದಳು. ಕೋಪದಲ್ಲಿ ಹುಬ್ಬು ಗಂಟಿಕ್ಕಿದ ಆ ಮುಖ ಮಾತ್ರ ಅವಳು ಕನ್ನಡಿಯಲ್ಲಿ ಕಂಡದ್ದೇ. ಬಾಯಿಯ ಪಕ್ಕದಲ್ಲಿ ಅಗಲವಾದ ಖಾಲಿ ಜಾಗ. ಇಷ್ಟು ದಿನದಲ್ಲಿ ಅವನು ಅವಳಿಗಾಗಿ ಜಾಗ ಬಿಟ್ಟದ್ದು ಇದೇ ಮೊದಲು.

ಕೆಳಗೊಂದು ಸಣ್ಣ ಚೀಟಿ. ಅದರಲ್ಲಿ ಪೆನ್ಸಿಲ್‌ನಲ್ಲಿ ಅವನದೇ ಚಿತ್ರ: ತಲೆ ತಗ್ಗಿಸಿ ನಿಂತಿದ್ದಾನೆ, ಎರಡೂ ಕಾಲಿಗೆ ಎಡಗಾಲಿನ ಬೂಟು. ಎದುರಿಗೆ ಒಂದು ಖಾಲಿ ಬಲೂನು.

ತಲೆ ಎತ್ತಿದರೆ ಬಾಗಿಲಲ್ಲೇ ನಿಂತಿದ್ದ.

"ಇದರಲ್ಲಿ ಏನು ಬರೀಬೇಕು?" ಎಂದಳು, ಗದರುವ ದನಿಯಲ್ಲೇ.

"ಕಥೆಯಲ್ಲಿಲ್ಲ ಅದು. ನಿಮ್ಮ ಮನಸ್ಸಲ್ಲಿ ಇರೋದು ಬರೀರಿ. ಬೈಗುಳ ಆದ್ರೂ ಪರವಾಗಿಲ್ಲ."

ಅವಳು ಶಾಯಿಯಲ್ಲಿ ಪೆನ್ನು ಅದ್ದಿ, ತನ್ನ ಅತಿ ಚೆಂದದ ಅಕ್ಷರದಲ್ಲಿ ಬರೆದು, ಚೀಟಿ ಅವನತ್ತ ತಿರುಗಿಸಿದಳು.

'ಮೊದಲು ಬೂಟು ಸರಿ ಮಾಡ್ಕೊಂಡು ಬಾ. ಆಮೇಲೆ ಜೊತೆಗೆ ನಡೆಯೋಣ.'

ಅವನು ಓದಿದ. ಮತ್ತೆ ಓದಿದ.

"ಸಿಟ್ಟು ಹೋಯ್ತಾ?"

"ಎಲ್ಲಿ ಹೋಗುತ್ತೆ? ಇನ್ನೂ ಇದೆ," ಎಂದಳು. "ಕೂತ್ಕೋ. ಶಾಯಿ ಒಣಗೋವರೆಗೂ ಬೈತೀನಿ."