ಗಂಜಿ ಅಂಗಡಿಯಲ್ಲಿ ನಿಲ್ಲದೆ ಹೋದವಳು

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಕ್ರಿಸಾಂತೊ ಕೆಸೋನ್ ಸಿಟಿಯ ಠಾಣೆಗೆ ಬಂದು ದೂರು ಕೊಟ್ಟ. ಅವನ ಸೋದರತ್ತೆ, ಸಿನಿಮಾ ಪತ್ರಕರ್ತೆ ಮೆದಿಂಗ್ ವಿಲ್ಯಾಲುಸ್, ಭಾನುವಾರ ತೀರಿಕೊಂಡಿದ್ದರು. ಅಲ್ಲಿಯ ವಾಡಿಕೆಯಂತೆ ಶವಪೆಟ್ಟಿಗೆ ಇನ್ನೂ ನಡುಮನೆಯಲ್ಲಿತ್ತು. ಅದರ ಪಕ್ಕ ಇಟ್ಟಿದ್ದ ಬಿಸ್ಕತ್ ಡಬ್ಬಿ, ಒಳಗಿದ್ದ ಸಂದರ್ಶನದ ಕ್ಯಾಸೆಟ್ಟುಗಳ ಸಮೇತ, ಬುಧವಾರ ಮಧ್ಯಾಹ್ನ ಕಾಣೆಯಾಗಿತ್ತು.

"ಆ ಹಳೇ ಕ್ಯಾಸೆಟ್ ಯಾರಿಗ್ರೀ ಬೇಕು?" ಇನ್ಸ್‌ಪೆಕ್ಟರ್ ಆನ್ಸೆಲ್ಮೊ ದುಮ್ಲಾವ್ ಕೇಳಿದರು.

"ಊರಿಗೆಲ್ಲ ಬೇಕು ಸಾರ್. ಮಣ್ಣಾದ್ಮೇಲೆ ಒಂದೊಂದಾಗಿ ಯೂಟ್ಯೂಬಿಗೆ ಹಾಕ್ತೀನಿ ಅಂದಿದ್ದೆ."

"ಯಾರ ಮುಂದೆ?"

"ಬಂದೋರೆಲ್ಲರ ಮುಂದೆ."

"ಅತ್ತೆ ಬಾಯಿ ಬಿಗಿಹಿಡಿದು ಬಾಳಿದ್ರು. ಅಳಿಯನ ಬಾಯಿಗೆ ಬಾಗಿಲೇ ಇಲ್ಲ," ಎಂದು ಕಾನ್‌ಸ್ಟೇಬಲ್ ಲಿಗಾಯ ಗೊಣಗುತ್ತ ಎಫ್‌ಐಆರ್ ಬರೆದಳು.

ಕರಡು ತಿದ್ದಲು ಪತ್ರಿಕೆ ಸೇರಿದ ಮೆದಿಂಗ್ ನಲವತ್ತು ವರ್ಷ ಅಂಕಣ ಬರೆದವರು. ಹೆಸರಿಲ್ಲದೆ ಸುಳಿವಷ್ಟೇ ಕೊಡುವ ಆ ಸಾಲುಗಳಿಗೆ ದೊಡ್ಡ ನಟರೇ ಬೆವರುತ್ತಿದ್ದರು. ಅವರು ಹೆಸರು ಹಾಕಿ ಬರೆಯುತ್ತಿದ್ದುದು ಯಾರೂ ವಿಚಾರಿಸದವರ ಬಗ್ಗೆ. ದುಮ್ಲಾವ್ ಅವರ ತಂದೆ ಸ್ಟುಡಿಯೋದಲ್ಲಿ ಲೈಟ್‌ಬಾಯ್ ಆಗಿದ್ದರು. ಅವರ ಹೆಸರು ಬದುಕಿನಲ್ಲಿ ಒಂದೇ ಸಲ ಅಚ್ಚಾದದ್ದು ಆ ಅಂಕಣದಲ್ಲಿ. ಆ ತುಂಡನ್ನು ತಾಯಿ ಇಂದಿಗೂ ಯೇಸುವಿನ ಪಟದ ಹಿಂದೆ ಇಟ್ಟುಕೊಂಡಿದ್ದಾರೆ.

ಸ್ಥಳ ಪಂಚನಾಮೆಯಲ್ಲಿ ಬೀಗ ಒಡೆದ ಗುರುತೇನೂ ಸಿಗಲಿಲ್ಲ. ಅಂಗಳದಲ್ಲಿ ಇಸ್ಪೀಟು ಆಡುತ್ತ ಸಾವಿನ ಮನೆ ಕಾಯುತ್ತಿದ್ದವರು ಹೇಳಿದ್ದಿಷ್ಟು: ಊಟದ ಹೊತ್ತಿಗೆ ಪೆಟ್ಟಿಗೆಯ ಬಳಿ ಇದ್ದವರು ಮೂವರು. ಒಬ್ಬ ಹಳೆಯ ಸಂಪಾದಕ, ಒಬ್ಬ ಮೇಕಪ್‌ನವನು, ಇನ್ನೊಬ್ಬಳು ಒಂದು ಕಾಲದ ನಾಯಕಿ ಪೆರ್ಲಿತಾ. ಈಗ ಹೊಲಿಗೆ ಅಂಗಡಿ ನಡೆಸುವವಳು.

ದುಮ್ಲಾವ್ ಮೂವರಿಗೂ ಕೇಳಿದ್ದು ಒಂದೇ: "ಅಲ್ಲಿಂದ ಎದ್ದು ಎಲ್ಲಿಗೆ ಹೋದ್ರಿ?"

ಸಂಪಾದಕ ಎದುರಿನ ಗಂಜಿ ಅಂಗಡಿ ಎಂದ. ಮೇಕಪ್‌ನವನೂ ಅಲ್ಲೇ ಕೂತಿದ್ದನೆಂದು ಅಂಗಡಿಯವಳು ಸಾಕ್ಷಿ ಹೇಳಿದಳು. ಇಬ್ಬರ ಕೈಯಲ್ಲೂ ಚೀಲ ಇರಲಿಲ್ಲ.

ಪೆರ್ಲಿತಾ ತನ್ನ ಅಂಗಡಿಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ನೇರ ಮನೆಗೆ ಬಂದೆ ಸಾರ್."

ಲಿಗಾಯಳ ಪೆನ್ನು ನಿಂತಿತು. "ನೇರ ಮನೆಗಾ? ಎಲ್ಲೂ ನಿಲ್ದೆ? ಸಾವಿನ ಮನೆಯಿಂದ ಹಾಗೆ ಹೋದ್ರೆ ಸತ್ತೋರು ಹಿಂದೇನೇ ಬರ್ತಾರಲ್ಲಮ್ಮಾ! ನಮ್ಮಜ್ಜಿ ಆಗಿದ್ರೆ ನಿಮ್ಮನ್ನ ಹೊಸ್ತಿಲು ದಾಟೋಕೂ ಬಿಡ್ತಿರಲಿಲ್ಲ."

"ಅವಸರ ಇತ್ತು."

"ಕೈಯಲ್ಲಿ ಭಾರ ಇತ್ತಾ?" ದುಮ್ಲಾವ್ ಮೆಲ್ಲಗೆ ಕೇಳಿದರು.

ದಾರ ಕೈಜಾರಿತು. ಹೊಲಿಗೆ ಯಂತ್ರದ ಕೆಳಗಿನ ಬಟ್ಟೆ ಮೂಟೆಯತ್ತ ಅವಳೇ ಕೈತೋರಿಸಿದಳು. ನೆರೆಯ ಇಬ್ಬರ ಸಮಕ್ಷಮ ಡಬ್ಬಿ ವಶವಾಯಿತು.

"ಯಾವುದರ ಮೇಲೂ ಹೆಸರಿಲ್ಲ ಸಾರ್. ಅದಕ್ಕೇ ಎಲ್ಲಾನೂ ತಂದೆ. ಸುಡೋಣ ಅಂತ ಒಲೆ ಹಚ್ಚಿದೆ. ಮೆದಿಂಗ್ ಅಕ್ಕನ ದನಿ ಅಲ್ವಾ ಒಳಗಿರೋದು? ಕೈ ಬರಲಿಲ್ಲ."

"ನಿಮ್ಮದರಲ್ಲಿ ಏನಿದೆ?"

ಲಿಗಾಯ ಬಾಗಿಲು ಮುಂದೆ ಮಾಡಿದಳು.

"ಜನ ನನ್ನ ತಂಗಿ ಅಂದ್ಕೊಂಡಿರೋ ರೊವೇನಾ ನನ್ನ ಮಗಳು. ಅವಳಿಗೂ ಗೊತ್ತಿಲ್ಲ. ಹತ್ತೊಂಬತ್ತಕ್ಕೆ ಹೆತ್ತೆ. ಅಕ್ಕನ ಮುಂದೆ ಎಲ್ಲಾ ಹೇಳ್ಕೊಂಡು ಅತ್ತುಬಿಟ್ಟೆ, ಕ್ಯಾಸೆಟ್ ಓಡ್ತಾ ಇತ್ತು. ಅಕ್ಕ ಒಂದು ಅಕ್ಷರ ಬರೀಲಿಲ್ಲ. ಈಗ ಆ ಹುಡುಗ ಊರಿಗೆಲ್ಲ ಕೇಳಿಸ್ತಾನಂತೆ. ಅವಳು ನನ್ನ ಬಾಯಿಂದ ಕೇಳ್ಬೇಕು ಸಾರ್, ಫೋನಲ್ಲಲ್ಲ."

ಸಂಜೆ ಠಾಣೆಯಲ್ಲಿ, ಮೆದಿಂಗ್ ಅವರದೇ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ಟುಗಳನ್ನು ಹಾಕಿ ನೋಡಿದರು. ನಾಲ್ಕನೆಯದರಲ್ಲಿ ಎಳೆಯ ಪೆರ್ಲಿತಾ ಹೊಸ ಚಿತ್ರದ ಬಗ್ಗೆ ಹೇಳುತ್ತಿದ್ದಳು. ಮಾತು ತಡವರಿಸಿತು. ಬಿಕ್ಕಳಿಕೆ ಕೇಳಿತು. ಆಮೇಲೆ ಮೆದಿಂಗ್ ಅವರ ದನಿ:

"ಕಣ್ಣೊರೆಸ್ಕೋ ಮಗಳೇ. ಇನ್ಮುಂದೆ ಹೇಳೋದು ಪೇಪರಿಗಲ್ಲ, ಅಕ್ಕನಿಗೆ. ತಾಳು, ಇದನ್ನ ಆರಿಸ್ತೀನಿ."

ಟಕ್ ಎಂದಿತು. ಮುಂದೆ ಕೊನೆಯವರೆಗೂ ಬರೀ ಗುಂಯ್ ಎನ್ನುವ ಸದ್ದು.

ಪೆರ್ಲಿತಾ ಮೇಜಿಗೆ ಹಣೆ ಹಚ್ಚಿದಳು. "ಆವತ್ತೇ ಕಾಪಾಡಿದ್ರಲ್ಲ ಅಕ್ಕಾ... ಅಳೋ ಭರದಲ್ಲಿ ನಾನೇ ನೋಡ್ಲಿಲ್ಲ."

ಬಂಧನ ದಾಖಲಾಯಿತು. ಕಳುವಿನ ಕಾರಣದ ಎದುರು ದುಮ್ಲಾವ್ ತಾವೇ ಬರೆದರು: 'ಮೃತರ ದನಿಯ ಮೇಲಿನ ಅಭಿಮಾನ.' ನಾಲ್ಕನೆಯ ಕ್ಯಾಸೆಟ್ಟಿನ ಎದುರು: 'ಸಿನಿಮಾ ಮಾತುಕತೆ. ಬೇರೇನಿಲ್ಲ.' ಎರಡರಲ್ಲೂ ಸುಳ್ಳಿರಲಿಲ್ಲ. ಅದನ್ನು ಓದಿದ ಕ್ರಿಸಾಂತೊ ತಲೆ ತಗ್ಗಿಸಿ, ದೂರು ಮುಂದುವರಿಸುವುದಿಲ್ಲ, ಡಬ್ಬಿ ಅತ್ತೆಯ ಜೊತೆಗೇ ಮಣ್ಣಿಗೆ ಹೋಗಲಿ ಎಂದ.

ಬಿಡುಗಡೆಯಾದ ಪೆರ್ಲಿತಾ ಹೊರಡುವ ಮುನ್ನ ಲಿಗಾಯ ತಡೆಯಲಾರದೆ ಕೇಳಿದಳು, "ಅಮ್ಮಾ, ಅವಸರ ಅಂದ್ರಿ, ಸರಿ. ಭಯ ಆಗ್ಲಿಲ್ವಾ?"

"ಅವರು ಹಿಂದೆ ಬಂದ್ರೆ ಬರಲಿ ಅಂತಲೇ ನಿಲ್ಲದೆ ಬಂದೆ ಮಗಾ. ನಮ್ಮನೇಲಿ ಅವರಿಗೆ ಯಾವತ್ತೂ ಜಾಗ ಇದೆ."

ದುಮ್ಲಾವ್ ಡಬ್ಬಿಯನ್ನು ಸಾವಿನ ಮನೆಗೆ ಮುಟ್ಟಿಸಿ, ಪೆಟ್ಟಿಗೆಯ ಮುಂದೆ ತಂದೆಯ ಹೆಸರು ಹೇಳಿ ಕೈಮುಗಿದರು. ಜೀಪು ಹೊರಟಿತು.

"ಗಂಜಿ ಅಂಗಡಿ ಹತ್ರ ನಿಲ್ಲಿಸ್ಲಾ ಸಾರ್?"

"ಬೇಡ ಲಿಗಾಯ. ನನ್ನನ್ನ ನೇರ ಮನೆಗೆ ಬಿಡು."