ದಣಿವಿನ ಸೊನ್ನೆ

ಮಗಳು ಆಲಮಟ್ಟಿ ಹಿನ್ನೀರಿನ ರಸ್ತೆಯಲ್ಲಿ ಓಡುತ್ತಿದ್ದಳು. ದಣಿವು ಮಾತ್ರ ಬಾಗಲಕೋಟೆಯ ಪ್ರಯೋಗಾಲಯದಲ್ಲಿ ಕುರ್ಚಿಯ ಮೇಲೆ ಕುಳಿತ ತಾಯಿಗೆ ಆಗುತ್ತಿತ್ತು.

ತಾಯಿ ಶೈಲಶ್ರೀಯ ಕತ್ತಿಗೆ ಅಂಟಿಸಿದ ಪಟ್ಟಿಯ ಜೋಡಿ ಮಗಳು ಸೃಷ್ಟಿಯ ಕತ್ತಿನಲ್ಲಿತ್ತು. ಸೋತ ಸ್ನಾಯುಗಳು ಮಿದುಳಿಗೆ ಕಳಿಸುವ ಸಂಕೇತಗಳನ್ನು ಅದು ದಾರಿಯಲ್ಲೇ ತಡೆದು ಇಲ್ಲಿಗೆ ದಾಟಿಸುತ್ತಿತ್ತು. ಓಡುವವಳ ದೇಹ ಸವೆಯುವುದು ತಪ್ಪುವುದಿಲ್ಲ, ಅದರ ಅರಿವಷ್ಟೇ ತಪ್ಪುತ್ತದೆ. ಎದೆಬಡಿತ ಅಳೆಯುವ ಉಪಕರಣ ಅಪಾಯ ಬಂದ ಮೇಲೆ ಕೂಗುತ್ತದೆ. ದಣಿವು ಮೊದಲೇ ಹೇಳುತ್ತದೆ. ಆದ್ದರಿಂದ ಆ ದಣಿವನ್ನು ಹೊರುವವರಿಗೆ ಒಂದೇ ಕೆಲಸ, ಮಿತಿ ಮೀರಿದಾಗ ‘ಸಾಕು’ ಎನ್ನುವುದು. ತಡವಾದರೆ ಓಡುವವಳ ಹೃದಯ ನಿಲ್ಲಬಹುದು.

ಗುರಿ ಐವತ್ತು ಕಿಲೋಮೀಟರು. ಸೃಷ್ಟಿ ಅಷ್ಟು ದೂರ ಎಂದೂ ಓಡಿದವಳಲ್ಲ.

“ಹ್ಯಾಂಗದೀರಿ ಅಕ್ಕಾರ?” ಯಂತ್ರ ಕಂಡುಹಿಡಿದ ಡಾಕ್ಟರ್ ನಸೀಮಾ ಬಾಗವಾನ ಮತ್ತೆ ಕೇಳಿದರು.

“ಆರಾಮ ಅದೀನ್ರೀ.”

ಬಾಯಿ ತಾನಾಗಿಯೇ ಹೇಳಿಬಿಟ್ಟಿತ್ತು. ಶೈಲಶ್ರೀ ಬೆಚ್ಚಿದಳು. ಸೊಂಟ ಸೀಳುತ್ತಿತ್ತು, ಆದರೆ ಸೊಂಟ ದಿನಾ ಸೀಳುತ್ತದೆ. ಇದರಲ್ಲಿ ಮಗಳದೆಷ್ಟು, ತನ್ನದೆಷ್ಟು?

“ಯವ್ವಾ, ಗಾಳ್ಯಾಗ ತೇಲಿದಂಗ ಆಗಾಕತ್ತೈತಿ!” ಧ್ವನಿವರ್ಧಕದಲ್ಲಿ ಸೃಷ್ಟಿ ನಕ್ಕಳು. “ನೀ ಕುಂತಲ್ಲೇ ಓಡಾಕತ್ತೀ ನೋಡು.”

“ಬಾಯಿ ಮುಚ್ಕೊಂಡು ಓಡ, ಹುಚ್ಚಿ.”

ಪರದೆಯಲ್ಲಿ ನಲವತ್ತಾರು ಕಿಲೋಮೀಟರು ದಾಟಿತು. ಶೈಲಶ್ರೀಗೆ ಕಣ್ಣು ಕತ್ತಲಿಟ್ಟಿತು. ಈಗ ಹೇಳಬೇಕೆ? ಇನ್ನೇನು ಮುಗಿಯಿತಲ್ಲ, ಇಷ್ಟಕ್ಕೇ ತಡೆದರೆ ಹುಡುಗಿಯ ಶ್ರಮವೆಲ್ಲ ನೀರುಪಾಲು. ‘ಸಾಕು’ ಎಂಬ ಮಾತನ್ನು ಅವಳು ಊಟಕ್ಕೆ ಕುಳಿತವರ ಬಾಯಲ್ಲಿ ಕೇಳಿದ್ದಳು. ತಾನು ಆಡಿದ ನೆನಪಿರಲಿಲ್ಲ. ಎಡ ಎದೆಯನ್ನು ಯಾರೋ ಹಿಂಡಿದಂತಾಯಿತು. ಇದು ತನ್ನದಲ್ಲ. ಇದು ಯಾವತ್ತೂ ತನಗೆ ಆದದ್ದಲ್ಲ.

“ಸಾಕು,” ಎಂದಳು. ಯಾರಿಗೂ ಕೇಳಿಸಲಿಲ್ಲ. “ಸಾಕ್ರೀ! ನಿಲ್ಲಸ್ರೀ ಆಕಿನ್ನ!”

ನಸೀಮಾ ಸಂಪರ್ಕ ಕಡಿದರು. ಕಡಿದ ಕೂಡಲೇ ದಣಿವೆಲ್ಲ ಒಡತಿಗೆ ಮರಳುವುದು ಯಂತ್ರದ ನಿಯಮ. ಹೆಜ್ಜೆಯ ಸದ್ದು ನಿಂತಿತು. ಹಿಂದೆಯೇ ಬರುತ್ತಿದ್ದ ಚಾಲಕನಿಲ್ಲದ ಆಂಬುಲೆನ್ಸಿನ ಬಾಗಿಲು ತೆರೆದ ಸದ್ದು. ಆಮೇಲೆ ಏನೂ ಇಲ್ಲ.

“ಸೃಷ್ಟಿ? ಮಾತಾಡ ನನ್ನವ್ವಾ…”

“ಕುಂತೀನಿ…” ಏದುಸಿರು ಕೇಳುತ್ತಿತ್ತು. “ಯವ್ವಾ, ಕಾಲು ಸೋತಿದ್ದು ಗೊತ್ತಾಗತೈತಿ. ಖರೆ ಈ ಹೆಗಲ ಯಾಕ ನೋಯ್ತಾವ? ಅಂಗೈ ಯಾಕ ಉರೀತಾವ? ನಾ ಏನ್ ರೊಟ್ಟಿ ಬಡದೀನೇನು?”

ನಸೀಮಾ ಪರದೆಯತ್ತ ತಿರುಗಿ ಬೆಳಗಿನ ಅಳತೆಯನ್ನು ತೆಗೆದು ನೋಡಿದರು.

“ನನ್ನ ತಪ್ಪು ಅಕ್ಕಾರ. ಮುಂಜಾನೆ ನೀವು ಬಂದು ಕುಂತಾಗ ದಣಿವು ಅಳಿಯೋ ಮುಳ್ಳು ಅರ್ಧಕ್ಕ ನಿಂತಿತ್ತು. ಸುಮ್ಮನ ಕುಂತವರಿಗೆ ಇಷ್ಟು ದಣಿವು ಎಲ್ಲಿಂದ ಬರ್ತೈತಿ, ಯಂತ್ರ ಕೆಟ್ಟೈತಿ ಅಂತ ತಿಳ್ಕೊಂಡು ಅದನ್ನ ಸೊನ್ನಿ ಅಂತ ಹಿಡದೆ. ನಿಮ್ಮ ಮೈಯಾಗಿನ ದಣಿವೆಲ್ಲಾ ಆಕೀದ ಅಂತ ಯಂತ್ರ ತಿಳದೈತಿ, ಮರಳಿಸುವಾಗ ನಿಮ್ಮದರ ನಕಲೂ ಸೇರಿ ಹೋಗೈತಿ.”

ಆಂಬುಲೆನ್ಸಿನಲ್ಲಿದ್ದ ವೈದ್ಯರು ನಾಡಿ ನೋಡಿ ಒಪ್ಪಿದ ಮೇಲೆ ಸೃಷ್ಟಿ ಉಳಿದ ದೂರವನ್ನು ಪಟ್ಟಿಯಿಲ್ಲದೆ, ಮೆಲ್ಲಗೆ ನಡೆದೇ ಮುಗಿಸಿದಳು. ಅಷ್ಟು ದೂರ ಅವಳು ಕ್ರಮಿಸಿದ್ದು ಅದೇ ಮೊದಲು. ದಾರಿಯುದ್ದಕ್ಕೂ ಅವಳು ಉರಿಯುವ ಅಂಗೈಗಳನ್ನೇ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

“ಮುಂದಿನ ಸಲ ಖರೇ ಸೊನ್ನಿ ಹಿಡೀಬೇಕ್ರಿ,” ಎಂದು ನಸೀಮಾ ಶೈಲಶ್ರೀಯ ಕತ್ತಿನ ಪಟ್ಟಿ ಬಿಚ್ಚಿದರು. “ನಿಮಗ ಒಂಚೂರೂ ದಣಿವಿಲ್ಲದ ದಿನ ನೋಡಿ ಬರ್ರಿ.”

ಶೈಲಶ್ರೀ ಬೆರಳು ಮಡಚುತ್ತ ವಾರದ ದಿನಗಳನ್ನು ಒಂದೊಂದಾಗಿ ಎಣಿಸಿದಳು. ಸುಳ್ಳು ಹೇಳಿ ಮತ್ತೆ ಮಗಳ ಜೀವಕ್ಕೆ ಕುತ್ತು ತರಬಾರದಲ್ಲ.

“ಅಂಥಾ ದಿನ ಯಾವಾಗ ಬರ್ತೈತ್ರಿ ಡಾಕ್ಟ್ರ?”

ಪಟ್ಟಿ ಹಿಡಿದ ನಸೀಮಾ ಅವರ ಕೈ ಸೊನ್ನೆ ಹಿಡಿಯಲು ತಮ್ಮದೇ ಕತ್ತಿನತ್ತ ಹೋಗಿ, ಅರ್ಧದಲ್ಲೇ ನಿಂತಿತು.